ಬೆಟ್ಟದ ದುಡ್ಡು ಬೆಟ್ಟಕ್ಕೇ ಸೇರಲಿ

2024ರ ಗಣರಾಜ್ಯೋತ್ಸವ ಶುಕ್ರವಾರ ಬಿದ್ದಿತ್ತು. ಸಾಲು ರಜೆ ಸಿಕ್ಕಿದ್ದೇ ತಡ, ಸಾವಿರಾರು ಮಂದಿ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತಲು ಹೊರಟರು. ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ತುಂಬಿದ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಾತ್ಕಾಲಿಕ ತಡೆ ಹಾಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬುಕಿಂಗಿಗಾಗಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ, ಅಷ್ಟೇ.

ಮಿತಿ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆ ದಾಟಿ ಕಲ್ಲುಮಂಟಪದ ಕಡೆಗೆ ಏರುವಾಗ ಎರಡೂ ಬದಿಗೆ ಹರಡಿರುವುದು ಹುಲ್ಲುಗಾವಲು. ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಗಳನ್ನು ಜೀವಂತವಾಗಿಡುವುದು ಈ ಹುಲ್ಲು ಮತ್ತು ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು. ಕುಮಾರಧಾರೆ ಹುಟ್ಟುವುದೂ ಇಲ್ಲೇ. ದಾರಿ ಬಿಟ್ಟು ಅಡ್ಡಾದಿಡ್ಡಿ ತುಳಿದರೆ ಮಣ್ಣು ಬರಿದಾಗುತ್ತದೆ, ಮುಂದಿನ ಮಳೆಗಾಲ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಈ ಬೆಟ್ಟವಿರುವ ಪುಷ್ಪಗಿರಿ ವನ್ಯಧಾಮವೂ ಒಂದು.

ಆದರೆ ಜನರನ್ನು ಎಣಿಸಿ ಒಳಗೆ ಬಿಟ್ಟ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಆ 300 ಮಂದಿ ಕಟ್ಟಿದ ಶುಲ್ಕ ಎಲ್ಲಿಗೆ ಹೋಗುತ್ತದೆ? ಚರ್ಚೆ ಬಿಸಿಯೇರಬೇಕಾದದ್ದು ಇಲ್ಲಿ, ಆದರೆ ಹೆಚ್ಚಿನವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ.

ಶುಲ್ಕ ಎಲ್ಲಿಗೆ ಸೇರಬೇಕು ಎಂಬುದಕ್ಕೊಂದು ಮಾದರಿ ನಮ್ಮ ಕಾನೂನಿನಲ್ಲೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಪ್ರತಿ ಹುಲಿ ಮೀಸಲಿಗೂ ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಪ್ರವಾಸಿಗರ ಪ್ರವೇಶ ಶುಲ್ಕ ಸರ್ಕಾರದ ಖಜಾನೆಗೆ ಹೋಗಿ ಕರಗುವ ಬದಲು ಆ ಪ್ರತಿಷ್ಠಾನಕ್ಕೆ ಸೇರಿ, ಅದೇ ಕಾಡಿಗೂ ಸುತ್ತಲಿನ ಊರುಗಳಿಗೂ ಬಳಕೆಯಾಗಬೇಕು ಎಂಬುದು ವ್ಯವಸ್ಥೆ. ಬಂಡೀಪುರ, ನಾಗರಹೊಳೆಗೆ ಈ ಅನುಕೂಲವಿದೆ. ಪುಷ್ಪಗಿರಿ ಹುಲಿ ಮೀಸಲಲ್ಲ, ಕುದುರೆಮುಖವೂ ಅಲ್ಲ. ಚಾರಣಿಗರು ಮುಗಿಬೀಳುವ ಇಂಥ ಬೆಟ್ಟಗಳು ಈ ಕಾನೂನಿನ ಆಸರೆಯಿಂದ ಹೊರಗೇ ಉಳಿದಿವೆ.

ಹಣದ ಕೊರತೆಯ ಭಾರ ಬೀಳುವುದು ಅರಣ್ಯ ವಾಚರ್‌ಗಳ ಮೇಲೆ. ಬೇಸಿಗೆಗೆ ಮುಂಚೆ ಕಾಳ್ಗಿಚ್ಚು ಹರಡದಂತೆ ಬೆಂಕಿ ರೇಖೆ ನಿರ್ಮಿಸುವವರು, ರಾತ್ರಿ ಕಳ್ಳಬೇಟೆ ತಡೆ ಶಿಬಿರದಲ್ಲಿ ಮಲಗುವವರು, ಚಾರಣಿಗರ ಚೀಲ ಬಿಚ್ಚಿ ಪ್ಲಾಸ್ಟಿಕ್ ತಪಾಸಣೆ ಮಾಡುವವರು ಎಲ್ಲ ಅವರೇ. ಅವರಲ್ಲಿ ಬಹಳಷ್ಟು ಮಂದಿ ದಿನಗೂಲಿಗಳು, ಇಲ್ಲವೇ ಹೊರಗುತ್ತಿಗೆಯವರು. ಹುಲಿ ದಾಳಿಗೆ ಸಾಲಾಗಿ ರೈತರು ಬಲಿಯಾದಾಗ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಕಳಿಸಬೇಕಾಯಿತು. ಪ್ರತಿಷ್ಠಾನವಿರುವ ಕಾಡುಗಳಲ್ಲೇ ಕೈಗಳು ಸಾಲದಾದರೆ, ಇಲ್ಲದ ಬೆಟ್ಟಗಳ ಗತಿಯನ್ನು ನೆನೆದು ನನಗೆ ಭಯವಾಗುತ್ತದೆ.

ಚಾರಣವನ್ನೇ ಪೂರ್ತಿ ನಿಲ್ಲಿಸಿ ಎನ್ನುವ ವನ್ಯಜೀವಿ ಪ್ರಿಯರ ಕಳಕಳಿ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಬೆಂಗಳೂರಿನ ಹುಡುಗಿಯೊಬ್ಬಳು ಕುಮಾರಪರ್ವತದ ದಾರಿಯಲ್ಲಿ ಬರುವ ಶೇಷಪರ್ವತದ ಅಂಚಿನಲ್ಲಿ ನಿಂತು ಮೋಡ ಕೆಳಗೆ ಹಾಯುವುದನ್ನು ಕಂಡಿದ್ದರೆ, ನಾಳೆ ಆ ಕಾಡಿಗೆ ರಸ್ತೆಯೋ ಅಣೆಕಟ್ಟೋ ಬರುತ್ತದೆಂದಾಗ ಅವಳು ದನಿ ಎತ್ತುತ್ತಾಳೆ. ಬಾಗಿಲು ಮುಚ್ಚಿದ ಕಾಡಿನ ಪರವಾಗಿ ಮಾತಾಡಲು ಹೆಚ್ಚು ಜನ ಇರುವುದಿಲ್ಲ. ಹಾಗೆಂದು ಶುಲ್ಕವನ್ನು ಮನಸೋ ಇಚ್ಛೆ ಏರಿಸಿ, ಬೆಟ್ಟವನ್ನು ಉಳ್ಳವರ ಸೊತ್ತು ಮಾಡುವುದೂ ಸಲ್ಲ. ವಿದ್ಯಾರ್ಥಿಗಳಿಗೆ, ತಪ್ಪಲಿನ ಊರಿನವರಿಗೆ ರಿಯಾಯಿತಿ ಇರಲೇಬೇಕು.

ಸರ್ಕಾರ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಹುಲಿ ಮೀಸಲಿಗಿರುವಂಥ ಪ್ರತ್ಯೇಕ ನಿಧಿಯನ್ನು ಚಾರಣಪಥವಿರುವ ಪ್ರತಿ ವನ್ಯಧಾಮಕ್ಕೂ ತೆರೆಯಬೇಕು. ಅದರಿಂದ ಮೊದಲು ವಾಚರ್‌ಗಳ ಸಂಬಳ ಹೋಗಬೇಕು, ಆಮೇಲೆ ದಾರಿಯ ದುರಸ್ತಿ. ವರ್ಷದಲ್ಲಿ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕ ಜಾಲತಾಣದಲ್ಲೂ ಗಿರಿಗದ್ದೆಯ ಗೇಟಿನ ಫಲಕದಲ್ಲೂ ಕನ್ನಡದಲ್ಲಿ ಇರಬೇಕು. ಟಿಕೆಟ್ ತೋರಿಸುವ ಚಾರಣಿಗರೂ ಅದನ್ನು ಪರಿಶೀಲಿಸುವ ವಾಚರ್‌ಗಳೂ ಆ ಲೆಕ್ಕವನ್ನು ಓದಿಕೊಳ್ಳಲಿ.