ಊರ ಹೆಸರಿನಿಂದ ಬಸ್ಸಿನ ಅರ್ಜಿಯವರೆಗೆ

ಹೈಸ್ಕೂಲ್ ಮಕ್ಕಳಿಗೆ ವರ್ಡ್ ಪ್ರೊಸೆಸಿಂಗ್ ಕಲಿಸುವಾಗ ಮೊದಲ ದಿನವೇ ಫೈಲ್, ಎಡಿಟ್, ವ್ಯೂ ಎಂದು ಮೆನುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಸುವ ಪದ್ಧತಿಯೊಂದಿದೆ. ಅದರಿಂದ ಪರೀಕ್ಷೆಗೆ ಉತ್ತರ ಸಿಕ್ಕೀತು, ಕೈಗೆ ವಿದ್ಯೆ ಹತ್ತುವುದಿಲ್ಲ. ಹಾವೇರಿ ಜಿಲ್ಲೆಯ ಶಾಲೆಯಾದರೆ ಮೊದಲ ಪಾಠಕ್ಕೆ ನಾಲ್ಕು ಊರ ಹೆಸರು ಸಾಕು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು.

ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ. ಉಚ್ಚಾರಕ್ಕೆ ಹತ್ತಿರವಾದ ಇಂಗ್ಲಿಷ್ ಕೀಲಿಯಲ್ಲೇ ಹೆಚ್ಚಿನ ಕನ್ನಡ ಅಕ್ಷರಗಳು ಸಿಗುತ್ತವೆ. ಹಾನಗಲ್ಲ ಎಂದು ಮೂಡಿಸಲು ಎಚ್, ಶಿಫ್ಟ್ ಹಿಡಿದು ಎ, ಎನ್, ಜಿ, ಎಲ್, ಎಫ್, ಎಲ್. ಇಲ್ಲಿ ಎಫ್ ಕೀಲಿಯೇ ಒತ್ತಕ್ಷರದ ಗುಟ್ಟು: ಎರಡು ವ್ಯಂಜನಗಳ ನಡುವೆ ಅದನ್ನು ಒತ್ತಿದರೆ ಎರಡನೆಯದು ಮೊದಲನೆಯದರ ಕೆಳಗೆ ಹೋಗಿ ಕೂರುತ್ತದೆ. ಶಿಗ್ಗಾಂವಿಯಲ್ಲಿ ಅದೇ ಪಾಠ ಮತ್ತೊಮ್ಮೆ, ಜೊತೆಗೆ ಶಿಫ್ಟ್-ಎಂ ಕೊಡುವ ಅನುಸ್ವಾರ. ಸವಣೂರಿನಲ್ಲಿ ಣಕಾರಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕು. ಹಿರೇಕೆರೂರಿನಲ್ಲಿ 'ರೇ' ದೀರ್ಘ, 'ಕೆ' ಹ್ರಸ್ವ. ಶಿಫ್ಟ್ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ರೂಢಿಯಾದ ಮಕ್ಕಳು ಪ್ರತಿ ವ್ಯಂಜನದ ಹಿಂದೆ ಎ ಒತ್ತಲು ಹೋಗುತ್ತಾರೆ. ನುಡಿಯಲ್ಲಿ ಅದು ಬೇಡ. ಅಕಾರ ವ್ಯಂಜನದೊಳಗೇ ಇದೆ.

ತಿದ್ದುವಾಗ ಒಂದು ಸೋಜಿಗ ಎದುರಾಗುತ್ತದೆ. 'ಲ್ಲ' ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಮಾತ್ರ ಅದು ಲ, ಹಲಂತ (ಎಫ್ ಕೀಲಿ ಕೊಡುವ ಚಿಹ್ನೆ), ಲ ಎಂಬ ಮೂರು ಸಂಕೇತಗಳ ಸಾಲು. ಹಾಗಾಗಿ ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಒತ್ತು ಮಾತ್ರ ಹೋಗಿ 'ಲ್' ಉಳಿಯುತ್ತದೆ. ಕರ್ಸರನ್ನು ಅಕ್ಷರದ ಮುಂದಿಟ್ಟು ಡಿಲೀಟ್ ಒತ್ತಿದರೆ ಹಲವು ತಂತ್ರಾಂಶಗಳಲ್ಲಿ ಇಡೀ ಅಕ್ಷರವೇ ಮಾಯ. ಇದನ್ನು ಹೇಳಿಕೊಡದಿದ್ದರೆ ಒಂದು ಒತ್ತು ತಪ್ಪಿದ್ದಕ್ಕೆ ಮಕ್ಕಳು ಇಡೀ ಪದವನ್ನೇ ಅಳಿಸಿ ಬರೆಯುತ್ತಾರೆ.

ಇನ್ನು ಕಂಪ್ಯೂಟರುಗಳ ಹಂಚಿಕೆ. 2004ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ ಪ್ರೌಢಶಾಲೆಗೆ 10 ಕಂಪ್ಯೂಟರ್ ಎಂಬ ಲೆಕ್ಕ ಹಾಕಿತ್ತು. ತರಗತಿಯಲ್ಲಿ 40 ಮಕ್ಕಳಿದ್ದರೆ, ಹತ್ತೂ ಕೆಲಸ ಮಾಡಿದರೂ ಒಂದಕ್ಕೆ ನಾಲ್ವರು. ಒಬ್ಬರು ಕೀಲಿ ಒತ್ತುವುದು, ಒಬ್ಬರು ಓದಿ ಹೇಳುವುದು, ಉಳಿದಿಬ್ಬರು ತಪ್ಪು ಹಿಡಿಯುವುದು. ಒಂದೊಂದು ಪ್ಯಾರಾಕ್ಕೆ ಜಾಗ ಬದಲು. ಹೀಗೆ ಹಂಚದಿದ್ದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗನ ಕೈಯಲ್ಲೇ ಮೌಸ್ ಉಳಿಯುತ್ತದೆ.

ಎರಡನೆಯ ಪಾಠ ಅರ್ಜಿ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಪತ್ರಲೇಖನ ಹೇಗೂ ಇರುತ್ತದೆ. ಶಾಲೆ ಬಿಡುವ ಹೊತ್ತಿಗೆ ಬಸ್ ಬಿಡಬೇಕೆಂದು ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಗೆ ಬರೆಯುವ ಅರ್ಜಿಯೆಂದರೆ ಹಳ್ಳಿಯಿಂದ ಬರುವ ಮಕ್ಕಳಿಗೆ ವಿಷಯ ಹುಡುಕಿಕೊಡಬೇಕಿಲ್ಲ. ಇಂದ, ಗೆ, ಮಾನ್ಯರೇ, ವಿಷಯ, ಒಕ್ಕಣೆ, ತಮ್ಮ ವಿಶ್ವಾಸಿ: ಹಾಳೆಯ ಮೇಲಿನ ಎಲ್ಲ ವಿನ್ಯಾಸವೂ ಇದರಲ್ಲಿ ಬಂತು.

ಮಕ್ಕಳು ಎಡವುವುದೂ ಇಲ್ಲಿಯೇ. ದಿನಾಂಕ ಬಲಕ್ಕೆ ಹೋಗಲೆಂದು ಸ್ಪೇಸ್ ಬಾರನ್ನು ಒತ್ತುತ್ತಲೇ ಇರುತ್ತಾರೆ, ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುತ್ತಾರೆ, ಹೊಸ ಪುಟ ಬರುವ ತನಕವೂ ಎಂಟರೇ. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಹಾಗೆ ಮಾಡಬೇಡಿ ಎಂದು ಬೈಯುವ ಬದಲು ಅವರ ಎದುರೇ ಅಕ್ಷರದ ಗಾತ್ರವನ್ನು 12ರಿಂದ 16ಕ್ಕೆ ಏರಿಸಿ ತೋರಿಸಬೇಕು. ಸಾಲುಗಳು ಅರ್ಧಕ್ಕೇ ಮುರಿದು, ದಿನಾಂಕ ಎರಡು ತುಂಡಾಗಿ, ಸಹಿ ಮುಂದಿನ ಪುಟಕ್ಕೆ ಓಡಿಹೋಗುತ್ತದೆ. ಆಮೇಲೆ ಅಡಗಿದ ಗುರುತುಗಳನ್ನು ತೋರಿಸುವ ಗುಂಡಿ ಒತ್ತಿ. ಲಿಬ್ರೆಆಫೀಸ್ ರೈಟರ್‌ನಲ್ಲಾದರೆ ಕಂಟ್ರೋಲ್-ಎಫ್10. ಪ್ರತಿ ಸ್ಪೇಸೂ ಒಂದು ಚುಕ್ಕೆಯಾಗಿ ಕಾಣುತ್ತದೆ. ಬಲಕ್ಕೆ ಸರಿಸಲು ಅಲೈನ್‌ಮೆಂಟ್, ಹೊಸ ಪುಟಕ್ಕೆ ಕಂಟ್ರೋಲ್-ಎಂಟರ್, ಸಾಲು ಮುರಿಯುವುದು ಯಂತ್ರದ ಕೆಲಸ, ಎಂಟರ್ ಪ್ಯಾರಾ ಮುಗಿದಾಗ ಮಾತ್ರ. ಇಷ್ಟು ಕೈಗೆ ಬಂದರೆ ಅರ್ಧ ವಿದ್ಯೆ ಬಂದಂತೆ. ಬಣ್ಣ, ನೆರಳು, ಬಾಗಿದ ಶೀರ್ಷಿಕೆಗಳನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ.

ಇನ್ನು ಹುಡುಕಿ ಬದಲಿಸುವುದು, ಕಂಟ್ರೋಲ್-ಎಚ್. ಮಕ್ಕಳಿಂದ ತಮ್ಮ ತಾಲ್ಲೂಕಿನ ಬಗ್ಗೆ ಒಂದು ಪುಟ ಬರೆಸಿ: ಹಾನಗಲ್ಲಿನ ತಾರಕೇಶ್ವರ ಗುಡಿ, ಸವಣೂರಿನ ದೊಡ್ಡಹುಣಸೆ ಮರಗಳು, ಶಿಗ್ಗಾಂವಿ ತಾಲ್ಲೂಕಿನ ಬಾಡ, ಹಿರೇಕೆರೂರು ತಾಲ್ಲೂಕಿನ ಅಬಲೂರು. ಒಬ್ಬ ಶಿಗ್ಗಾವಿ ಎಂದು, ಇನ್ನೊಬ್ಬ ಶಿಗ್ಗಾಂವ ಎಂದು ಬರೆದೇ ಬರೆಯುತ್ತಾನೆ. ಎಲ್ಲವನ್ನೂ ಒಂದೇ ರೂಪಕ್ಕೆ ತರಲಿ. ಆದರೆ 'ಹಾನಗಲ್' ಇದ್ದಲ್ಲೆಲ್ಲ 'ಹಾನಗಲ್ಲ' ಮಾಡು ಎಂದು ಒಮ್ಮೆಲೇ ಅಪ್ಪಣೆ ಕೊಟ್ಟರೆ, ಮೊದಲೇ ಸರಿಯಿದ್ದದ್ದು 'ಹಾನಗಲ್ಲಲ' ಆಗಿಬಿಡುವ ಅಪಾಯವಿದೆ. ಸಂಕೇತಗಳ ಸಾಲಿನಲ್ಲಿ ಮೊದಲನೆಯ ಹೆಸರು ಎರಡನೆಯದರೊಳಗೇ ಅಡಗಿದೆ. ಒಂದೊಂದನ್ನೇ ನೋಡಿ ಬದಲಿಸುವುದು ಕ್ಷೇಮ.

"ಸರ್, ನನ್ನ ಫೈಲ್ ಎಲ್ಲಿ ಹೋತ್ರಿ?" ಎಂಬ ಪ್ರಶ್ನೆ ತಪ್ಪಿಸಲು ಮೊದಲ ಸಾಲು ಬರೆದ ಕೂಡಲೇ ಹೆಸರಿಟ್ಟು ಸೇವ್ ಮಾಡಿಸಿ. ತರಗತಿ, ವಿಭಾಗ, ಹಾಜರಿ ಸಂಖ್ಯೆ ಸೇರಿಸಿದ ಹೆಸರಿರಲಿ. ಆಮೇಲೆ ಪ್ಯಾರಾಕ್ಕೊಮ್ಮೆ ಕಂಟ್ರೋಲ್-ಎಸ್. ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ.

ಕೊನೆಯದು ಫಾಂಟಿನ ತೊಡಕು. ನುಡಿಯ ಹಳೆಯ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಮತ್ತಿತರ ಲಿಪಿಚಿಹ್ನೆಗಳ ಸಂಕೇತವೇ, ಮೇಲೆ ಕಾಣುವುದು ಕನ್ನಡದ ಆಕಾರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದರೆ ಅರ್ಥವಿಲ್ಲದ ಗೀಚು. ಆದ್ದರಿಂದ ಬರೆಯಲು ಕೂರುವ ಮೊದಲೇ ನುಡಿಯನ್ನು ಯುನಿಕೋಡ್‌ಗೆ ಹಾಕಿ, ತುಂಗಾ ಅಥವಾ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಬೇಕು. ಪ್ರಿಂಟ್ ತೆಗೆಸಲು ಊರಿನ ಜೆರಾಕ್ಸ್ ಅಂಗಡಿಗೆ ಒಯ್ಯುವಾಗ ಪೆನ್‌ಡ್ರೈವಿನಲ್ಲಿ ಎರಡು ಫೈಲ್ ಇರಲಿ: ಅಕ್ಷರ, ವಿನ್ಯಾಸ ಎರಡೂ ಕದಲದಂತೆ ಪಿಡಿಎಫ್, ಅಂಗಡಿಯಲ್ಲಿ ತಪ್ಪು ಕಣ್ಣಿಗೆ ಬಿದ್ದರೆ ತಿದ್ದಲು ಮೂಲ ಪ್ರತಿ.