ಕಾರಿಗೆ ಯಾವ ಎಣ್ಣೆ? ಬಿಲ್ಲಿಗೆ ಸಹಿ ಹಾಕುವ ಮೊದಲು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನೆರೆಯ ಸಹೋದರಿಯೊಬ್ಬರು ಕಾರಿನ ಸರ್ವಿಸ್ ಬಿಲ್ಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಪತಿ ಶಾರ್ಜಾದಲ್ಲಿದ್ದಾರೆ. ಮಕ್ಕಳ ಶಾಲೆ, ಮದ್ರಸ, ಅತ್ತೆಯ ಔಷಧಿ, ತೋಟದ ಕೆಲಸದವರ ಕೂಲಿ ಎಲ್ಲವನ್ನೂ ನೋಡಿಕೊಳ್ಳುವುದರ ಜೊತೆಗೆ ಕಾರಿನ ಜವಾಬ್ದಾರಿಯೂ ಅವರದೇ. ಬಿಲ್ಲಿನಲ್ಲಿ ಎಂಜಿನ್ ಆಯಿಲ್, ಫಿಲ್ಟರ್ ಅಲ್ಲದೆ ‘ಎಂಜಿನ್ ಫ್ಲಶ್’, ‘ಆಯಿಲ್ ಟ್ರೀಟ್‌ಮೆಂಟ್’ ಎಂಬ ಇನ್ನೆರಡು ಸಾಲುಗಳಿದ್ದವು. ಅವೆರಡಕ್ಕೇ 1,400 ರೂಪಾಯಿ.

“ಟೀಚರೇ, ಇದನ್ನು ಹಾಕದಿದ್ದರೆ ಎಂಜಿನ್ ಬೇಗ ಸವೆಯುತ್ತದಂತೆ. ನಿಜವಾ?”

ನನ್ನ ಬಳಿ ಉತ್ತರವಿತ್ತು. ಅದು ಹಣ ಕಳೆದುಕೊಂಡು ಕಲಿತ ಉತ್ತರ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲೊಂದು ಹಳೆಯ ವ್ಯಾನಿತ್ತು. ಎಂಜಿನ್ ಸ್ವಲ್ಪ ಸದ್ದು ಮಾಡುತ್ತಿದೆ ಎಂದಾಗ ಗ್ಯಾರೇಜಿನಲ್ಲಿ ಒಂದು ಬಾಟಲಿ ದ್ರವ ಸುರಿದು, ಇನ್ನು ಭಯವಿಲ್ಲ ಎಂದರು. ನಾನೂ ನಂಬಿದೆ. ಆ ಭರವಸೆಯಲ್ಲಿ ಮೂರು ತಿಂಗಳು ಬಾನೆಟ್ ಎತ್ತಿಯೇ ನೋಡಲಿಲ್ಲ. ಒಂದು ಸಂಜೆ ಅತ್ತೆಯವರನ್ನು ಗೋಣಿಕೊಪ್ಪದ ಡಾಕ್ಟರಿಗೆ ತೋರಿಸಿ ಹಿಂದಿರುಗುವಾಗ, ಶ್ರೀಮಂಗಲ ದಾಟಿದ ಮೇಲೆ ಸ್ಟೇರಿಂಗಿನ ಮುಂದೆ ಎಣ್ಣೆ ಕುಡಿಕೆಯಂಥ ಕೆಂಪು ದೀಪ ಹತ್ತಿತು. ಕತ್ತಲಾಗುತ್ತಿತ್ತು, ಆನೆ ಓಡಾಡುವ ಕಡೆ. ಕುಟ್ಟ ಇನ್ನೇನು ಬಂತಲ್ಲ ಎಂದು ನಿಲ್ಲಿಸದೆ ಓಡಿಸಿದೆ. ಊರು ತಲುಪುವ ಮೊದಲೇ ಎಂಜಿನ್ ಕಟಕಟನೆ ಬಡಿದುಕೊಂಡು ನಿಂತುಹೋಯಿತು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧಿಸಿದ ಮೇಲೆ ವಯನಾಡಿಗೆ ಹೋಗುವ ಲಾರಿಗಳು ನಮ್ಮ ಈ ದಾರಿ ಹಿಡಿಯುತ್ತವೆ. ಅಂಥ ಒಂದು ಲಾರಿಯವರು ನಿಲ್ಲಿಸಿ ನಮ್ಮನ್ನು ಊರು ಮುಟ್ಟಿಸಿದರು, ಅಲ್‌ಹಮ್ದುಲಿಲ್ಲಾಹ್.

ಎಲ್ಲೋ ಸಣ್ಣದಾಗಿ ಸೋರಿ ಎಣ್ಣೆ ತಳ ಕಂಡಿತ್ತು. ಅಗತ್ಯವಿದ್ದದ್ದು ಒಂದೆರಡು ಲೀಟರ್ ಎಣ್ಣೆ. ರಿಪೇರಿಗೆ ಹೋದದ್ದು 38,000 ರೂಪಾಯಿ, ಉಮ್ರಾಕ್ಕೆಂದು ಕೂಡಿಟ್ಟ ಹಣ.

ಎಂಜಿನ್ನಿನೊಳಗೆ ಲೋಹದ ಭಾಗಗಳು ನಿಮಿಷಕ್ಕೆ ಸಾವಿರಾರು ಬಾರಿ ತಿರುಗುತ್ತವೆ. ಒಂದಕ್ಕೊಂದು ತಾಗದಂತೆ ನಡುವೆ ನಿಲ್ಲುವುದು ಎಣ್ಣೆಯ ತೆಳುವಾದ ಪದರ. ಕೆಂಪು ದೀಪ ಹತ್ತಿದರೆ ಆ ಪದರಕ್ಕೆ ಬೇಕಾದ ಒತ್ತಡ ಇಲ್ಲವೆಂದು ಅರ್ಥ. ಆಗ ರಸ್ತೆ ಬದಿಗೆ ನಿಲ್ಲಿಸಿ ತಕ್ಷಣ ಎಂಜಿನ್ ಆರಿಸಬೇಕು. ಕಾಡಿನ ದಾರಿಯಾದರೆ ಕಾರಿನೊಳಗೇ ಕುಳಿತು ಫೋನ್ ಮಾಡಿ. ‘ಇನ್ನೊಂದು ಕಿಲೋಮೀಟರ್’ ಎಂಬ ಆಸೆ ಬೇಡ.

ಇನ್ನು ಯಾವ ಎಣ್ಣೆ ಎಂಬ ಪ್ರಶ್ನೆ. ಕಾರಿನ ಜೊತೆ ಬಂದ ಪುಸ್ತಕ ಹೆಚ್ಚಿನವರ ಮನೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುತ್ತದೆ. ಉತ್ತರ ಅದರಲ್ಲೇ ಇದೆ. 5ಡಬ್ಲ್ಯು-30 ಎಂದು ಬರೆದಿದ್ದರೆ, ಡಬ್ಲ್ಯು ಎಂದರೆ ವಿಂಟರ್, ಅಂದರೆ ಚಳಿ. ಮೊದಲ ಸಂಖ್ಯೆ ತಣ್ಣಗಿರುವಾಗ ಎಣ್ಣೆ ಹರಿಯುವ ಬಗೆಯನ್ನು ಹೇಳುತ್ತದೆ, ಚಿಕ್ಕದಾದಷ್ಟೂ ಬೇಗ ಹರಿಯುತ್ತದೆ. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಅದರ ದಪ್ಪವನ್ನು ತಿಳಿಸುತ್ತದೆ. ‘ನಮ್ಮದು ಘಟ್ಟದ ರಸ್ತೆ, ದಪ್ಪ ಎಣ್ಣೆ ಹಾಕಿಸಿ’ ಎಂದು ಸಲಹೆ ಕೊಡುವವರು ಕೊಡಗಿನಲ್ಲಿ ಬಹಳ. ಹಳೆಯ ಜೀಪುಗಳ ಕಾಲಕ್ಕೆ ಆ ಮಾತು ಸರಿಯಿತ್ತೋ ಏನೋ. ಇಂದಿನ ಎಂಜಿನ್ನುಗಳ ಒಳದಾರಿಗಳು ಬಹಳ ಕಿರಿದು. ತೆಳು ಎಣ್ಣೆಗೆಂದೇ ಮಾಡಿದ ಎಂಜಿನ್ನಿಗೆ ದಪ್ಪ ಎಣ್ಣೆ ಹಾಕಿದರೆ ಬೆಳಗಿನ ಚಳಿಯಲ್ಲಿ ಅದು ಮೇಲಿನವರೆಗೆ ತಲುಪಲು ತಡವಾಗುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ.

ಡಬ್ಬದ ಮೇಲೆ ಎಪಿಐ ಎಂಬ ಗುರುತಿನ ಜೊತೆ ಎರಡು ಅಕ್ಷರಗಳಿರುತ್ತವೆ. ಎಸ್‌ನಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿಯಿಂದ ಆರಂಭವಾದರೆ ಡೀಸೆಲ್‌ಗೆ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಡೀಸೆಲ್ ಕಾರಿನವರು ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಸಾಮಾನ್ಯ ಎಣ್ಣೆ ಸುಟ್ಟಾಗ ಉಳಿಯುವ ಬೂದಿ ಆ ಜಾಲರಿಯನ್ನು ಕಟ್ಟಿಸುತ್ತದೆ. ಅದಕ್ಕೆಂದೇ ಕಡಿಮೆ ಬೂದಿಯ ಎಣ್ಣೆ ಇದೆ, ಪುಸ್ತಕದಲ್ಲಿ ಸೂಚಿಸಿರುತ್ತಾರೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಹಳೆಯ ಬಗೆಯ ಡೀಸೆಲ್ ಎಣ್ಣೆ ಹಾಕಿಸಿದರೆ ಮುಂದೆ ಸಾವಿರಗಟ್ಟಲೆ ತೆರಬೇಕಾದೀತು. ಕಾರಿಗೆ ತಂದು ಉಳಿದ ಎಣ್ಣೆಯನ್ನು ಮಗನ ಬೈಕಿಗೂ ಸುರಿಯಬೇಡಿ. ಗೇರಿನ ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರತೊಡಗುತ್ತದೆ.

ಈಗ ಆ ಬಾಟಲಿಯ ವಿಷಯ. ಅಂಗಡಿಯಿಂದ ತರುವ ಎಂಜಿನ್ ಆಯಿಲ್ ಬರೀ ಎಣ್ಣೆಯಲ್ಲ. ಕೊಳೆ ತೊಳೆಯುವ, ತೊಳೆದ ಕೊಳೆಯನ್ನು ತೇಲಿಸಿಡುವ, ಸವೆತ ತಡೆಯುವ, ನೊರೆ ಏಳದಂತೆ ನೋಡಿಕೊಳ್ಳುವ ರಾಸಾಯನಿಕಗಳನ್ನು ಅಳತೆ ಮಾಡಿ ಮೊದಲೇ ಬೆರೆಸಿರುತ್ತಾರೆ. ಎಣ್ಣೆ ಕಪ್ಪಾಗುವುದು ಅದಕ್ಕೇ, ಬಟ್ಟೆ ತೊಳೆದ ನೀರು ಕೊಳೆಯಾದ ಹಾಗೆ. ಉಪ್ಪು ಹಾಕಿ ಇಳಿಸಿದ ಸಾರಿಗೆ ಬಡಿಸುವಾಗ ಇನ್ನೊಂದು ಹಿಡಿ ಉಪ್ಪು ಹಾಕಿದರೆ ರುಚಿ ಹೆಚ್ಚುತ್ತದೆಯೇ? ಮೇಲಿಂದ ಸುರಿದ ಬಾಟಲಿ ಆ ಅಳತೆಯನ್ನು ಕೆಡಿಸಬಲ್ಲದು. ಎಣ್ಣೆಗೆ ಬೇರೇನೂ ಬೆರೆಸಬೇಡಿ ಎಂದು ಹಲವು ಕಾರುಗಳ ಪುಸ್ತಕದಲ್ಲೇ ಅಚ್ಚಾಗಿದೆ.

ಇದು ನಮ್ಮ ಊರಿನ ಪಾಡು ಮಾತ್ರವಲ್ಲ. ಅಮೆರಿಕದಲ್ಲಿ ‘ಸ್ಲಿಕ್ 50’ ಎಂಬ ಇಂಥದೇ ದ್ರವ ಭಾರೀ ಜಾಹೀರಾತಿನೊಂದಿಗೆ ಮಾರಾಟವಾಗುತ್ತಿತ್ತು. ಅದನ್ನು ಹಾಕದ ಎಂಜಿನ್ನಿಗೆ ಸ್ಟಾರ್ಟ್ ಮಾಡುವಾಗ ರಕ್ಷಣೆಯೇ ಇಲ್ಲ ಎಂಬಂತೆ ಹೆದರಿಸುತ್ತಿದ್ದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು. 1997ರ ಒಪ್ಪಂದದಲ್ಲಿ, ಆಧಾರವಿಲ್ಲದೆ ಹಾಗೆ ಹೇಳಿಕೊಳ್ಳದಿರಲು ಕಂಪೆನಿ ಒಪ್ಪಬೇಕಾಯಿತು.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯ ಮುಂದೆ ನಿಂತು ಪ್ರವಾದಿ(ಸ) ಒಳಗೆ ಕೈ ಹಾಕಿ ನೋಡಿದ, ಬೆರಳಿಗೆ ಒದ್ದೆ ತಾಗಿದ ಘಟನೆ ನಮಗೆಲ್ಲ ಗೊತ್ತು. ಮಕ್ಕಳಿಗೆ ಅದನ್ನು ಪಾಠ ಮಾಡುವಾಗ ವ್ಯಾಪಾರಿಯ ತಪ್ಪನ್ನಷ್ಟೇ ಹೇಳುತ್ತೇವೆ. ಕೈ ಹಾಕಿ ನೋಡಿದ್ದೂ ಅಲ್ಲಿದೆಯಲ್ಲ ಎಂದು ನನಗೆ ಹೊಳೆದದ್ದು ಆ ವ್ಯಾನಿನ ನಂತರವೇ.

ಕಾರಿನಲ್ಲಿ ಕೈ ಹಾಕಿ ನೋಡಲು ಡಿಪ್‌ಸ್ಟಿಕ್ ಇದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಎಣ್ಣೆ ಇದ್ದರೆ ಸಾಕು. ಮೇಲಿನ ಗುರುತು ದಾಟಿದರೂ ಕೆಡುಕೇ, ಎಣ್ಣೆ ನೊರೆಯೇಳುತ್ತದೆ. ಎಣ್ಣೆ ಹಾಕುವ ಮುಚ್ಚಳದ ಕೆಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ, ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹಾಗೆ ನಿಲ್ಲುತ್ತದೆ. ಅದೇ ಮಜ್ಜಿಗೆ ಬಣ್ಣ ಕಡ್ಡಿಯಲ್ಲೂ ಕಂಡರೆ ಮಾತ್ರ ಎಣ್ಣೆಗೆ ನೀರು ಸೇರುತ್ತಿರಬಹುದು, ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ. ಹೀಗೆ ಹತ್ತಿರದ ಓಡಾಟವೇ ಹೆಚ್ಚಿರುವವರು ಕಿಲೋಮೀಟರ್ ಲೆಕ್ಕ ನೋಡುತ್ತ ಕೂರದೆ ವರ್ಷಕ್ಕೊಮ್ಮೆಯಾದರೂ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಬೇಕು.

ಹಳೆಯ ಎಣ್ಣೆಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ. ಬೇಲಿ ಕಂಬಕ್ಕೆ ಬಳಿಯಲೆಂದು ತಂದು, ಉಳಿದದ್ದನ್ನು ತೋಡಿಗೆ ಚೆಲ್ಲುವವರಿದ್ದಾರೆ. ಇರ್ಪುವಿನಿಂದ ಇಳಿಯುವ ಲಕ್ಷ್ಮಣತೀರ್ಥ ಹೋಗಿ ಸೇರುವುದು ಕಾವೇರಿಯನ್ನೇ. ಖಾಲಿ ಡಬ್ಬಕ್ಕೆ ಮಾತ್ರ ನಿಮ್ಮ ಕಣ್ಣೆದುರೇ ತೂತು ಮಾಡಿಸಿ, ಅದರಲ್ಲಿ ನಕಲಿ ಎಣ್ಣೆ ತುಂಬಿ ಮಾರುವವರಿಗೆ ಅದು ಸಿಗಬಾರದು.

ಆ ಸಹೋದರಿ ಮುಂದಿನ ಸರ್ವಿಸ್‌ಗೆ ಹೋದಾಗ ಪುಸ್ತಕದ ಆ ಪುಟಕ್ಕೆ ಗುರುತಿಟ್ಟು ಒಯ್ದಿದ್ದರು. ಇದನ್ನೇ ಹಾಕಿ, ಬಾಟಲಿ ಬೇಡ ಎಂದರಂತೆ. ಗ್ಯಾರೇಜಿನ ಹುಡುಗ ವಾದ ಮಾಡಲಿಲ್ಲ. “ಆಯ್ತು ಇತ್ತಾ” ಎಂದು ಬಿಲ್ಲಿನ ಎರಡು ಸಾಲು ಹೊಡೆದುಹಾಕಿದನಂತೆ.