ಪ್ರಭುತ್ವದ ಹಣ, ಪ್ರತಿಭಟನೆಯ ಜಾಲ

೨೦೧೧ನೆಯ ಜನವರಿ ತಿಂಗಳ ಕೊನೆಯಲ್ಲಿ, ಹೋಸ್ನಿ ಮುಬಾರಕರ ಆಳ್ವಿಕೆಯ ವಿರುದ್ಧ ಜನ ಬೀದಿಗಿಳಿದಿದ್ದಾಗ, ಈಜಿಪ್ಟಿನ ಅಂತರಜಾಲ ಸಂಪರ್ಕವು ಹೆಚ್ಚುಕಡಮೆ ಪೂರ್ಣವಾಗಿ ನಿಂತುಹೋಯಿತು. ಸಂಪರ್ಕವನ್ನೊದಗಿಸುವ ಕೆಲವೇ ಕಂಪನಿಗಳಿಗೆ ಸರಕಾರದ ಆಜ್ಞೆ ತಲುಪಿದ್ದೇ ಅದಕ್ಕೆ ಸಾಕಾಯಿತು. ಸುಮಾರು ಐದು ದಿನಗಳ ತರುವಾಯ, ಫೆಬ್ರವರಿ ೨ರಂದು, ಅದು ಮರಳಿತು. ಎಲ್ಲ ದಾರಿಗಳೂ ಕೆಲವೇ ಬಾಗಿಲುಗಳನ್ನು ಹಾಯ್ದು ಹೋಗುವಲ್ಲಿ ಬಾಗಿಲು ಕಾಯುವವನೇ ಒಡೆಯನೆಂಬುದು ಇದರಿಂದ ಸಿದ್ಧವಾಯಿತು.

ಈ ತೊಡಕಿಗೆ ತಂತ್ರಜ್ಞರು ಕಂಡುಕೊಂಡ ಪರಿಹಾರಗಳಲ್ಲಿ ಒಂದು 'ಮೆಶ್' ಜಾಲ, ನಾವು ಹೆಣಿಗೆಜಾಲವೆನ್ನಬಹುದು. ಇದರಲ್ಲಿ ಪ್ರತಿಯೊಂದು ಯಂತ್ರವೂ ತನ್ನ ಸಂದೇಶವನ್ನು ಕಳುಹಿಸುವುದಲ್ಲದೆ ನೆರೆಯವರ ಸಂದೇಶವನ್ನೂ ಹೊತ್ತು ಮುಂದಿನ ಯಂತ್ರಕ್ಕೆ ಒಪ್ಪಿಸುತ್ತದೆ. ನಡುವಿನ ಒಂದು ಯಂತ್ರ ಕೆಟ್ಟರೆ ಸಂದೇಶವು ಬೇರೊಂದು ದಾರಿ ಹಿಡಿಯುತ್ತದೆ. ಆದುದರಿಂದ ಇಡೀ ಜಾಲವನ್ನು ಒಮ್ಮೆಗೇ ಆರಿಸಬಲ್ಲ ಗುಂಡಿಯೊಂದು ಇಲ್ಲಿಲ್ಲ.

ಇಂತಹ ಜಾಲವೊಂದನ್ನು ರೂಪಿಸಲು ಅಮೆರಿಕದ ವಿದೇಶಾಂಗ ಇಲಾಖೆಯು ನ್ಯೂ ಅಮೆರಿಕ ಫೌಂಡೇಶನ್ನಿನ ತಂತ್ರಜ್ಞಾನ ವಿಭಾಗಕ್ಕೆ ೨೦ ಲಕ್ಷ ಡಾಲರುಗಳನ್ನು ಕೊಟ್ಟ ವಿಷಯ ೨೦೧೧ನೆಯ ಜೂನಿನಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. 'ಪೆಟ್ಟಿಗೆಯಲ್ಲಿ ಅಂತರಜಾಲ'ವೆಂದು ಹೆಸರಾದ ಆ ಯೋಜನೆಯ ಫಲವೇ 'ಕಮೋಶನ್' ಎಂಬ ತಂತ್ರಾಂಶ. ಬೆನ್ ಅಲಿಯ ಕಾಲದಲ್ಲಿ ಅಂತರಜಾಲಕ್ಕೆ ಬಿಗಿ ಕಾವಲಿದ್ದ ಟ್ಯುನೀಸಿಯದಲ್ಲಿ, ಆತನ ಪತನಾನಂತರ, ಸಯಾದಾ ಎಂಬ ಕಡಲತೀರದ ಸಣ್ಣ ಊರು ಇದನ್ನು ಪ್ರಯೋಗಿಸಿತು. ಹೊರಗಿನ ಅಂತರಜಾಲದ ಹಂಗಿಲ್ಲದೆಯೇ ಊರವರಿಗೆ ಪುಸ್ತಕಗಳು, ವಿಶ್ವಕೋಶ ಮತ್ತು ಊರಿನ ನಕ್ಷೆಗಳು ದೊರೆತವು.

ಆದರೆ ದಾರಿ ತೆರೆದಿರುವುದು ಬೇರೆ, ದಾರಿಹೋಕನಿಗೆ ಮರೆಯಿರುವುದು ಬೇರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಸುಲಭವಾಗಿ ಮನವರಿಕೆಯಾದೀತು: ಕೈಯಿಂದ ಕೈಗೆ ಸಾಗುವ ಚೆಕ್ಕಿನ ಬೆನ್ನ ಮೇಲೆ ಅದನ್ನು ದಾಟಿಸಿದವರ ರುಜುಗಳೆಲ್ಲ ಉಳಿಯುತ್ತವೆ. ಹೆಣಿಗೆಜಾಲದ ಯಂತ್ರಗಳೂ ಹಾಗೆಯೇ ತಮ್ಮ ಗುರುತನ್ನು ಸಾರುತ್ತಲೇ ಇರುತ್ತವೆ. ಅವುಗಳ ರೇಡಿಯೋ ಅಲೆಗಳನ್ನು ಹಿಡಿದು ನೆಲೆಯನ್ನು ಪತ್ತೆಹಚ್ಚಬಹುದು, ಅಲೆಗಳಿಗೆ ಅಡ್ಡಿಯನ್ನೂ ಒಡ್ಡಬಹುದು. ತಮ್ಮ ತಂತ್ರಾಂಶವು ಬಳಸುವವನ ಗುರುತನ್ನು ಮರೆಮಾಚಲಾರದೆಂದು ಕಮೋಶನ್ ರಚಿಸಿದವರೇ ಎಚ್ಚರಿಸಿದ್ದರು. ಈ ಎಚ್ಚರಿಕೆಯನ್ನು ಓದದ ಪ್ರತಿಭಟನಕಾರನಿಗೆ ಒದಗುವ ನಷ್ಟ ಹಣದ್ದಲ್ಲ, ಸೆರೆಮನೆಯದು.

ಹಣ ಕೊಟ್ಟವರ ಪ್ರಶ್ನೆಯೂ ಉಳಿಯುತ್ತದೆ. ಪರದೇಶದ ಪ್ರಜೆಗಳಿಗೆ ಕಾವಲಿನಿಂದ ಪಾರಾಗುವ ಸಾಧನವನ್ನೊದಗಿಸಲು ಹೊರಟ ಅಮೆರಿಕ ಸರಕಾರವೇ ಲೋಕದ ಸಂದೇಶಗಳನ್ನು ಭಾರಿ ಪ್ರಮಾಣದಲ್ಲಿ ಕದ್ದಾಲಿಸುತ್ತಿದ್ದುದನ್ನು ೨೦೧೩ರಲ್ಲಿ ಎಡ್ವರ್ಡ್ ಸ್ನೋಡನ್ ಬಯಲಿಗೆಳೆದ. ಅಂತಹ ಪ್ರಭುತ್ವದ ಹಣದಿಂದಾದುದೆಂಬ ಕಾರಣಕ್ಕೆ ಈ ಉಪಕರಣವನ್ನು ತಳ್ಳಿಹಾಕಬೇಕಾಗಿಲ್ಲ. ಕಮೋಶನ್ನಿನ ಮೂಲಲೇಖವು ಯಾರು ಬೇಕಾದರೂ ಪರೀಕ್ಷಿಸುವಂತೆ ಬಹಿರಂಗವಾಗಿಯೇ ಇತ್ತು. ದಾನಿಯ ಮಾತನ್ನು ನಂಬುವುದಕ್ಕಿಂತ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ಮೇಲು. ಹಾಗೆ ನೋಡಬಲ್ಲ ತಿಳಿವಳಿಕೆಯುಳ್ಳವರು ಊರೊಳಗೇ ಇದ್ದಾಗ ಮಾತ್ರ ಹೆಣಿಗೆಜಾಲವು ನಿಜವಾಗಿ ಊರವರದಾಗುತ್ತದೆ.